ನೌಕರರ ವರ್ಷದ ಗುರಿ ಬರೆದಿಡುವುದು ಹೇಗೆ: ಸಣ್ಣ ಘಟಕಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಾರ್ಚ್ ಕೊನೆಯ ವಾರ. ಮೇಜಿನ ಆ ಕಡೆ ಮಾಲಕರು, ಈ ಕಡೆ ಆರು ವರ್ಷದಿಂದ ಸಿಎನ್‌ಸಿ ಮಷೀನ್ (ಕಂಪ್ಯೂಟರ್ ಹೇಳಿದ ಅಳತೆಗೆ ಲೋಹ ಕೊರೆಯುವ ಯಂತ್ರ) ನಡೆಸುತ್ತಿರುವ ಹುಡುಗ. "ಈ ವರ್ಷ ನಿನ್ನ ಕೆಲಸ ಅಷ್ಟಕ್ಕಷ್ಟ ಆತು ನೋಡಪಾ" ಅಂದರು ಮಾಲಕರು. "ಯಾವುದ್ರಿ ಸರ? ಆವಾಗ ಹೇಳಬೇಕಿತ್ತಲ್ರಿ" ಅಂದ ಹುಡುಗ. ಮಾಲಕರಿಗೆ ಫೆಬ್ರವರಿಯಲ್ಲಿ ವಾಪಸ್ ಬಂದ ಒಂದು ಲಾಟ್ ಮಾತ್ರ ನೆನಪಿತ್ತು. ಹುಡುಗನಿಗೆ ಆಗಸ್ಟ್‌ನಲ್ಲಿ ಜೊತೆಯವನು ಇಲ್ಲದೆ ಎರಡು ಮಷೀನ್ ಒಬ್ಬನೇ ನಿಭಾಯಿಸಿದ್ದು ನೆನಪಿತ್ತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಯಾವುದಕ್ಕೂ ಒಂದು ಚೀಟಿಯೂ ಇರಲಿಲ್ಲ.

ಹುಬ್ಬಳ್ಳಿಯ ತಾರಿಹಾಳದ ಕಡೆ ವಾಲ್ವ್ ಭಾಗ ಮಾಡುವ ಒಂದು ಘಟಕದಲ್ಲಿ ನಾನು ಸಿಬ್ಬಂದಿ ವಿಚಾರ ನೋಡಿಕೊಳ್ಳುತ್ತೇನೆ. ನಲವತ್ತು ಚಿಲ್ಲರೆ ಜನ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಲ್ಲ ಸಾಫ್ಟ್‌ವೇರ್ ಇರುತ್ತದೆ. ನಮ್ಮಲ್ಲಿ ಇರುವುದು ಒಂದು ಎಕ್ಸೆಲ್, ಒಂದು ಬಾಕ್ಸ್ ಫೈಲ್, ಒಂದು ಕಪಾಟು. ಅಷ್ಟು ಸಾಕು. ಗೋಕುಲ ರೋಡಿನ ವರ್ಕ್‌ಶಾಪ್ ಇರಲಿ, ಗದಗಿನ ಪ್ರಿಂಟಿಂಗ್ ಪ್ರೆಸ್ ಇರಲಿ, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇರಲಿ, ಹತ್ತು ಜನರಿಂದ ನೂರು ಜನರವರೆಗೆ ಇರುವ ಕಡೆ ಈ ಕ್ರಮ ನಡೆಯುತ್ತದೆ.

ಮೊದಲೇ ಒಂದು ಪರೀಕ್ಷೆ ಹೇಳಿಬಿಡುತ್ತೇನೆ, ಮುಂದೆ ಪದೇಪದೇ ಬೇಕಾಗುತ್ತದೆ. ನಾಳೆ ನಾನು ಕೆಲಸ ಬಿಟ್ಟೆ, ಮಾಲಕರೂ ಊರಲ್ಲಿಲ್ಲ ಅಂದುಕೊಳ್ಳಿ. ಹೊಸ ಮ್ಯಾನೇಜರ್ ಬಂದು ಕಪಾಟಿನಿಂದ ಗುರಿಯ ಹಾಳೆ ತೆಗೆದ. ಯಾರನ್ನೂ ಕೇಳದೆ, ಆ ಹಾಳೆ ಮತ್ತು ರಿಜಿಸ್ಟರ್ ನೋಡಿಯೇ "ಈ ಗುರಿ ಮುಟ್ಟಿದೆ" ಅಥವಾ "ಮುಟ್ಟಿಲ್ಲ" ಅಂತ ಹೇಳಲು ಅವನಿಗೆ ಆಗುತ್ತದಾ? ಆಗದಿದ್ದರೆ ನೀವು ಬರೆದದ್ದು ಗುರಿಯಲ್ಲ, ಆಸೆ. ನಾನು ಇದನ್ನು ಹೊಸಬರ ಪರೀಕ್ಷೆ ಅಂತ ಕರೆಯುತ್ತೇನೆ.

1. ಮೊದಲು ಮಾಲಕರ ಹತ್ತಿರ ಕೂಡಿ

ನಮ್ಮ ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು. ಹಾಗಾಗಿ ಗುರಿಯ ಕೆಲಸ ಮಾರ್ಚ್ ಮೊದಲ ವಾರವೇ ಹಿಡಿಯಬೇಕು. ಏಪ್ರಿಲ್ 20ಕ್ಕೆ ಎಲ್ಲರ ಹಾಳೆಗೂ ಸಹಿ ಬಿದ್ದಿರಬೇಕು. ಜೂನ್‌ನಲ್ಲಿ ಗುರಿ ಕೊಟ್ಟು ಏಪ್ರಿಲ್‌ನಿಂದ ಲೆಕ್ಕ ಹಿಡಿಯುವುದು ಮೋಸ.

ಮಾಲಕರಿಗೆ "ಈ ವರ್ಷದ ಗುರಿ ಏನು ಸರ?" ಅಂತ ಕೇಳಿದರೆ "ಧಂದೆ ಬೆಳೀಬೇಕು" ಅಂತಾರೆ. ಅದರಿಂದ ಏನೂ ಸಿಗಲ್ಲ. ನಾನು ಕೇಳುವುದು ಹೀಗೆ: ಹೋದ ವರ್ಷ ನಿಮ್ಮ ನಿದ್ದೆ ಕೆಡಿಸಿದ ಮೂರು ವಿಷಯ ಯಾವುವು? ಉತ್ತರ ತಟ್ಟನೆ ಬರುತ್ತದೆ. ರಿಜೆಕ್ಷನ್, ಅಂದರೆ ಅಳತೆ ತಪ್ಪಿ ಅಥವಾ ದೋಷ ಇದ್ದು ಬಿಸಾಕಬೇಕಾದ ಪೀಸು. ಹೇಳಿದ ತಾರೀಖಿಗೆ ಮಾಲು ಹೋಗದಿದ್ದದ್ದು. ಮಾಲು ಕೊಂಡ ಪಾರ್ಟಿಗಳ ಹತ್ತಿರ ಸಿಕ್ಕಿಹಾಕಿಕೊಂಡ ಬಾಕಿ.

ಈ ಮೂರನ್ನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು, ಒಂದೊಂದರ ಕೆಳಗೆ ಅದನ್ನು ಮುಟ್ಟುವ ಜನರ ಪಟ್ಟಿ ಮಾಡಿ. ರಿಜೆಕ್ಷನ್ ಕೆಳಗೆ ಆಪರೇಟರ್ ಮಾತ್ರ ಬರಲ್ಲ. ಕಾಸ್ಟಿಂಗ್ (ಫೌಂಡ್ರಿಯಲ್ಲಿ ಎರಕ ಹೊಯ್ದ ಭಾಗ) ತರಿಸುವವರು, ಗೇಜ್ (ಅಳತೆ ನೋಡುವ ಸಾಧನ) ನೋಡಿಕೊಳ್ಳುವವರು, ಹಳೆಯ ಡ್ರಾಯಿಂಗ್ ತೆಗೆದು ಹೊಸದು ಇಡಬೇಕಾದವರು, ಎಲ್ಲರೂ ಬರುತ್ತಾರೆ. ಈ ಪಟ್ಟಿ ಮಾಡುವಾಗಲೇ ಅರ್ಧ ಸತ್ಯ ಹೊರಬೀಳುತ್ತದೆ.

2. ಇವತ್ತು ಎಲ್ಲಿದ್ದೀರಿ ಅಂತ ಎಣಿಸಿ

"ರಿಜೆಕ್ಷನ್ 2%ಗೆ ಇಳಿಸಬೇಕು" ಅಂತ ಬರೆಯುವ ಮುಂಚೆ ಈಗ ಎಷ್ಟಿದೆ ಅಂತ ಗೊತ್ತಿರಬೇಕು ಅಲ್ವಾ? ಕೊನೆಯ ಮೂರು ತಿಂಗಳ ಶಿಫ್ಟ್ ರಿಜಿಸ್ಟರ್, ಜಾಬ್ ಕಾರ್ಡ್, ಡಿಸ್ಪ್ಯಾಚ್ ಪುಸ್ತಕ ತೆಗೆದು ಕೂಡಿ. ಒಂದೇ ತಿಂಗಳ ಅಂಕಿ ನಂಬಬೇಡಿ. ಒಳ್ಳೆಯ ತಿಂಗಳೂ ಇರುತ್ತದೆ, ಕೆಟ್ಟದ್ದೂ ಇರುತ್ತದೆ.

ಅಂಕಿಯೇ ಇಲ್ಲದಿದ್ದರೆ? ಹಾಗಾದರೆ ಮೊದಲ ಮೂರು ತಿಂಗಳ ಗುರಿ ಎಣಿಸಿಡುವುದೇ. ನಮ್ಮ ಸ್ಟೋರಿನಲ್ಲಿ ಹಾಗೇ ಆಯಿತು. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿರುವ ಸ್ಟಾಕಿಗೂ ರ‍್ಯಾಕಿನಲ್ಲಿರುವ ಸ್ಟಾಕಿಗೂ ಎಷ್ಟು ಫರಕು ಅಂತ ಯಾರಿಗೂ ಗೊತ್ತಿರಲಿಲ್ಲ. ಸ್ಟೋರಿನ ಅಣ್ಣಾರಿಗೆ "ಫರಕು ಕಮ್ಮಿ ಮಾಡಿ" ಅಂತ ಹೇಳಲಿಲ್ಲ. "ವಾರಕ್ಕೆ 50 ಐಟಂ ಎಣಿಸಿ, ಬಂದದ್ದನ್ನು ಹಾಗೇ ಬರೆಯಿರಿ, ಎಷ್ಟೇ ಫರಕು ಬಂದರೂ ಬೈಯಲ್ಲ" ಅಂತ ಹೇಳಿದೆವು. ಆ ಕೊನೆಯ ಮಾತು ಹೇಳದಿದ್ದರೆ ಎಣಿಕೆ ತಾನಾಗಿಯೇ ಟ್ಯಾಲಿಗೆ ಹೊಂದಿಕೊಂಡು ಬಿಡುತ್ತಿತ್ತು!

3. ಗುರಿಯ ವಾಕ್ಯ ಕಟ್ಟುವುದು

ಒಂದು ಗುರಿಯಲ್ಲಿ ಐದು ಸಂಗತಿ ಇರಬೇಕು: ಯಾರು, ಏನು, ಎಷ್ಟರಿಂದ ಎಷ್ಟಕ್ಕೆ, ಯಾವಾಗಿನೊಳಗೆ, ಎಲ್ಲಿ ನೋಡಿ ಎಣಿಸುವುದು. ಕೊನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ. ಜಗಳ ಆಗುವುದೂ ಅಲ್ಲೇ. ಸೂಪರ್‌ವೈಸರ್ ಪುಸ್ತಕದಲ್ಲಿ ಒಂದು ಅಂಕಿ, ಕ್ವಾಲಿಟಿಯವರ ಪುಸ್ತಕದಲ್ಲಿ ಇನ್ನೊಂದು.

ಮೊದಲು ನಾವು ಬರೆಯುತ್ತಿದ್ದದ್ದು: "ಕ್ವಾಲಿಟಿ ಸುಧಾರಿಸಬೇಕು."

ಈಗ ಬರೆಯುವುದು: "2ನೇ ನಂಬರ್ ಮಷೀನಿನ ಆಪರೇಟರ್, ತಮ್ಮ ಶಿಫ್ಟ್‌ನಲ್ಲಿ ಮಷೀನಿಂಗ್ ತಪ್ಪಿನಿಂದ ಆಗುವ ರಿಜೆಕ್ಷನ್ ಅನ್ನು 100 ಪೀಸಿಗೆ 4ರಿಂದ 2ಕ್ಕೆ ಸೆಪ್ಟೆಂಬರ್ 30ರೊಳಗೆ ಇಳಿಸಿ, ಮಾರ್ಚ್ 31ರವರೆಗೆ ಹಾಗೇ ಕಾಯ್ದುಕೊಳ್ಳುವುದು. ಲೆಕ್ಕ: ಕ್ವಾಲಿಟಿ ವಿಭಾಗದ ರಿಜೆಕ್ಷನ್ ರಿಜಿಸ್ಟರ್."

ಅಕೌಂಟ್ಸ್‌ಗೆ: "ಕೆಲಸ ಟೈಮಿಗೆ ಮುಗಿಸಬೇಕು" ಬೇಡ. ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ವಿವರ) ತಿಂಗಳಿಗೊಮ್ಮೆ ಹಾಕುವವರಿಗೆ ಮುಂದಿನ ತಿಂಗಳ 11ನೇ ತಾರೀಖು ಕೊನೆ, ತೆರಿಗೆ ಕಟ್ಟುವ 3ಬಿ ರಿಟರ್ನ್‌ಗೆ 20. ಹಾಗಿದ್ದರೆ ಗುರಿ ಹೀಗೆ: "ಮಾರಾಟದ ಎಲ್ಲ ಬಿಲ್ಲು ಪ್ರತಿ ತಿಂಗಳು 8ರೊಳಗೆ ತಾಳೆ ನೋಡಿ ಆಡಿಟರ್‌ಗೆ ಕಳಿಸುವುದು. 12 ತಿಂಗಳಲ್ಲಿ 11 ತಿಂಗಳಾದರೂ. ಲೆಕ್ಕ: ಆಡಿಟರ್‌ಗೆ ಹೋದ ಮೇಲ್‌ನ ತಾರೀಖು." 11 ತಿಂಗಳು ಅಂತ ಯಾಕೆ? ಮನುಷ್ಯರಿಗೆ ಜ್ವರ ಬರುತ್ತದೆ, ಮನೆಯಲ್ಲಿ ಮದುವೆ ಇರುತ್ತದೆ. 12ಕ್ಕೆ 12 ಅಂತ ಬರೆದರೆ ಮೇ ತಿಂಗಳಲ್ಲಿ ಒಮ್ಮೆ ತಪ್ಪಿದವರಿಗೆ ಉಳಿದ ಹತ್ತು ತಿಂಗಳು ಆ ಗುರಿಯ ಮೇಲೆ ಆಸೆಯೇ ಇರಲ್ಲ.

ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆದರೆ: "ಅಚ್ಚಿನ ಪ್ಲೇಟ್ ಆದ ಮೇಲೆ ಸಿಗುವ ಅಕ್ಷರದ ತಪ್ಪಿನಿಂದ ಮತ್ತೆ ಪ್ಲೇಟ್ ಮಾಡುವ ಜಾಬ್, ತಿಂಗಳಿಗೆ 5ರಿಂದ 2ಕ್ಕೆ." ಕೋಲ್ಡ್ ಸ್ಟೋರೇಜಿನಲ್ಲಿ: "ಪ್ರತಿ ಶಿಫ್ಟ್‌ಗೆ ನಾಲ್ಕು ಸಲ ಚೇಂಬರಿನ ಉಷ್ಣಾಂಶ ಮತ್ತು ತೇವ ಬರೆಯುವುದು, ಬಿಟ್ಟುಹೋದ ನಮೂದು ತಿಂಗಳಿಗೆ ಮೂರಕ್ಕಿಂತ ಜಾಸ್ತಿ ಇರಬಾರದು." ಅಂಕಿಗಳು ಬರೀ ಮಾದರಿಗೆ. ನಿಮ್ಮದು ನಿಮ್ಮ ರಿಜಿಸ್ಟರಿನಿಂದ ಬರಲಿ.

ಮ್ಯಾನೇಜ್‌ಮೆಂಟ್ ತರಬೇತಿಗೆ ಹೋಗಿ ಬಂದವರೆಲ್ಲ 'ಸ್ಮಾರ್ಟ್' ಗುರಿ ಅಂತ ಹೇಳುತ್ತಾರೆ. ಜಾರ್ಜ್ ಡೋರನ್ ಎಂಬುವರು 1981ರಲ್ಲಿ ಒಂದು ಪತ್ರಿಕೆಯಲ್ಲಿ ಬರೆದದ್ದು ಅದು. ಐದು ಇಂಗ್ಲಿಷ್ ಪದಗಳ ಮೊದಲ ಅಕ್ಷರ. ಈಗ ಅದರಲ್ಲಿನ 'ಎ' ಅಂದರೆ 'ಸಾಧ್ಯವಾಗುವಂಥದ್ದು' ಅಂತ ಹೇಳಿಕೊಡುತ್ತಾರೆ. ಡೋರನ್ ಬರೆದದ್ದು ಬೇರೆ: 'ಇಂಥವರಿಗೆ ವಹಿಸಿದ್ದು', ಅಂದರೆ ಯಾರು ಮಾಡುತ್ತಾರೆ ಅನ್ನುವುದು. ನಮ್ಮ ಕಡೆ ತಪ್ಪಿಹೋಗುವುದೂ ಅದೇ. "ಎಲ್ಲಾರೂ ಸೇರಿ ಮಾಡೋಣ್ರಿ" ಅಂತ ಮೀಟಿಂಗ್ ಮುಗಿಯುತ್ತದೆ. ಎಲ್ಲರೂ ಸೇರಿ ಮಾಡುವ ಕೆಲಸ ಯಾರೂ ಮಾಡಲ್ಲ.

ಇನ್ನೊಂದು ಮಾತು ನಮ್ಮಲ್ಲಿ ಬಹಳ ಓಡುತ್ತದೆ: "ಕೈಲಾದಷ್ಟು ಮಾಡಪಾ." ಪ್ರೀತಿಯ ಮಾತೇ, ಆದರೆ ಗುರಿಯಾಗಿ ಕೆಲಸ ಮಾಡಲ್ಲ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲ್ಯಾಥಮ್ ಎಂಬ ಸಂಶೋಧಕರು ದಶಕಗಟ್ಟಲೆ ಇದನ್ನೇ ಪರೀಕ್ಷಿಸಿದರು. 'ಕೈಲಾದಷ್ಟು' ಅಂತ ಹೇಳಿಸಿಕೊಂಡವರಿಗಿಂತ, ಸ್ಪಷ್ಟವಾದ ಮತ್ತು ಸ್ವಲ್ಪ ಕಷ್ಟವಾದ ಗುರಿ ಪಡೆದವರು ಹೆಚ್ಚು ಕೆಲಸ ಮಾಡಿದರು. ಆದರೆ ಅದಕ್ಕೆ ಷರತ್ತುಗಳಿವೆ. ಆ ಗುರಿಯನ್ನು ಅವರು ಒಪ್ಪಿರಬೇಕು, ಮಾಡುವ ಕೌಶಲ ಇರಬೇಕು, ಎಷ್ಟು ಆಯಿತು ಅಂತ ನಡುನಡುವೆ ತಿಳಿಯುತ್ತಿರಬೇಕು. ಕೆಲಸ ಹೊಸದಾಗಿದ್ದರೆ ಉತ್ಪಾದನೆಯ ಅಂಕಿಗಿಂತ ಕಲಿಕೆಯ ಗುರಿಯೇ ಮೇಲು. ಐಟಿಐ ಮುಗಿಸಿ ನಿನ್ನೆ ಸೇರಿದ ಹುಡುಗನಿಗೆ "ಶಿಫ್ಟ್‌ಗೆ 60 ಪೀಸ್" ಅನ್ನಬೇಡಿ. "ಮೂರು ತಿಂಗಳಲ್ಲಿ ನಾಲ್ಕು ಥರದ ಭಾಗಕ್ಕೆ ಯಾರ ಸಹಾಯವಿಲ್ಲದೆ ಸೆಟ್ಟಿಂಗ್ ಮಾಡಿ ತೋರಿಸುವುದು" ಅನ್ನಿ.

4. ಅವರ ಕೈಯಲ್ಲಿ ಇರುವುದೆಷ್ಟು?

ಇದೊಂದು ಸರಿ ಮಾಡಿಕೊಂಡರೆ ಉಳಿದದ್ದೆಲ್ಲ ಸಣ್ಣಪುಟ್ಟದ್ದು. ಇಲ್ಲೇ ನಾನೂ ಎಡವಿದ್ದೇನೆ.

ಮೊದಲ ವರ್ಷ ಆಪರೇಟರ್‌ಗಳಿಗೆ ಒಟ್ಟು ರಿಜೆಕ್ಷನ್ ಮೇಲೆ ಗುರಿ ಕೊಟ್ಟಿದ್ದೆ. ಎರಡನೇ ತಿಂಗಳು ಒಬ್ಬ ಆಪರೇಟರ್ ಮೂರು ಪೀಸ್ ತಂದು ನನ್ನ ಮೇಜಿನ ಮೇಲೆ ಇಟ್ಟ. ಮೇಲ್ಮೈ ಕೊರೆದ ಮೇಲೆ ಒಳಗಿನಿಂದ ಸಣ್ಣ ಸಣ್ಣ ತೂತು ಕಾಣುತ್ತಿದ್ದವು. ಬ್ಲೋಹೋಲ್. ಫೌಂಡ್ರಿಯಲ್ಲಿ ಲೋಹ ಹೊಯ್ಯುವಾಗ ಒಳಗೆ ಗಾಳಿ ಸಿಕ್ಕಿಹಾಕಿಕೊಂಡು ಆಗುವ ದೋಷ. ಕಾಸ್ಟಿಂಗ್ ಬಂದಾಗ ಹೊರಗಿನಿಂದ ಕಾಣಲ್ಲ, ಮಷೀನಿಗೆ ಹಾಕಿ ಒಂದು ಪದರ ತೆಗೆದಾಗಲೇ ಗೊತ್ತಾಗುವುದು. "ಇದು ನನ್ನ ಲೆಕ್ಕಕ್ಕ ಹೆಂಗ ಬರ್ತದ್ರಿ ಸರ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ರಿಜಿಸ್ಟರಿನಲ್ಲಿ ಎರಡು ಕಾಲಂ: ಕಾಸ್ಟಿಂಗ್ ರಿಜೆಕ್ಷನ್, ಮಷೀನಿಂಗ್ ರಿಜೆಕ್ಷನ್. ಮೊದಲನೆಯದು ಖರೀದಿಯವರ ಗುರಿಗೆ ಹೋಗುತ್ತದೆ, ಎರಡನೆಯದು ಆಪರೇಟರ್‌ಗೆ. ಯಾವುದು ಯಾವುದಕ್ಕೆ ಸೇರಬೇಕು ಅಂತ ಹೇಳುವುದು ಕ್ವಾಲಿಟಿಯವರು. ಆಪರೇಟರೂ ಅಲ್ಲ, ಸೂಪರ್‌ವೈಸರೂ ಅಲ್ಲ.

ನಿಮ್ಮ ಕೆಲಸ ಯಾವುದೇ ಇರಲಿ, ಪ್ರತಿ ಗುರಿಯ ಮುಂದೆ ಒಂದು ಪ್ರಶ್ನೆ ಕೇಳಿ: ಈ ಮನುಷ್ಯ ತನ್ನ ಕೆಲಸ ಪೂರಾ ಸರಿಯಾಗಿ ಮಾಡಿದರೂ ಈ ಅಂಕಿ ಕೆಡಬಹುದಾ? ಕೆಡಬಹುದು ಅಂತಾದರೆ ಗುರಿಯನ್ನು ಒಡೆಯಿರಿ. ವಸೂಲಿ ಮಾಡುವವರಿಗೆ "ಬಾಕಿ ಪೂರಾ ಬರಬೇಕು" ಅಂತ ಕೊಟ್ಟರೆ, ಪಾರ್ಟಿಯ ಧಂದೆಯೇ ಮುಳುಗಿದರೆ ಅವರೇನು ಮಾಡುತ್ತಾರೆ? "90 ದಿನ ದಾಟಿದ ಪ್ರತಿ ಬಾಕಿಗೂ ವಾರಕ್ಕೊಮ್ಮೆ ಫೋನ್ ಮಾಡಿ, ಪಾರ್ಟಿ ಕೊಟ್ಟ ಮಾತು ಮತ್ತು ತಾರೀಖು ಬರೆಯುವುದು" ಅವರ ಕೈಯಲ್ಲಿದೆ. ಬಂದ ಹಣದ ಮೇಲೂ ಗುರಿ ಇರಲಿ, ಆದರೆ ಅದರ ತೂಕ ಕಮ್ಮಿ ಇರಲಿ.

ಹಾಳೆಯಲ್ಲಿ ಇನ್ನೊಂದು ಕಾಲಂ ಇಡಿ: "ಕಂಪನಿ ಕೊಡಬೇಕಾದದ್ದು." ಇನ್ಸರ್ಟ್ (ಮಷೀನಿನಲ್ಲಿ ಲೋಹ ಕೊರೆಯುವ ತುದಿ) ಮುಗಿಯುವ ಮುಂಚೆ ಹೊಸದು ಸ್ಟೋರಿನಲ್ಲಿ ಇರಬೇಕು. ಗೇಜ್ ಹೊತ್ತಿಗೆ ಸರಿಯಾಗಿ, ಅದರ ಅಳತೆ ಸರಿ ಇದೆಯಾ ಅಂತ ನೋಡುವ ಕ್ಯಾಲಿಬ್ರೇಶನ್‌ಗೆ ಹೋಗಬೇಕು. ಟ್ಯಾಲಿ ತರಬೇತಿಗೆ ಎರಡು ದಿನ ಬಿಡಬೇಕು. ಮಾಲಕರಿಗೆ ಈ ಕಾಲಂ ಕಂಡರೆ ಮೊದಮೊದಲು ಸಿಟ್ಟು ಬರುತ್ತದೆ. "ಗುರಿ ನಾ ಕೊಡಬೇಕೋ, ಅವರು ನಂಗ ಕೊಡಬೇಕೋ?" ಅಂತ ನಮ್ಮವರೂ ಕೇಳಿದರು. ಆದರೆ ಈ ಕಾಲಂ ಇಲ್ಲದ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು ಒಂದು ಕೈಯ ಚಪ್ಪಾಳೆ.

5. ಅಂಕಿಗೆ ಒಂದು ಕಾವಲು ಇಡಿ

ಯಾವ ಅಂಕಿಯ ಮೇಲೆ ಹಣ ನಿಲ್ಲುತ್ತದೋ ಆ ಅಂಕಿ ಕೆಡಲು ಶುರುವಾಗುತ್ತದೆ. ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಅರ್ಥಶಾಸ್ತ್ರಜ್ಞ 1975ರಲ್ಲಿ ಬ್ರಿಟನ್ನಿನ ಹಣಕಾಸು ನೀತಿಯ ವಿಚಾರದಲ್ಲಿ ಇಂಥದ್ದೇ ಮಾತು ಹೇಳಿದ್ದರು. ಅದನ್ನು ನಮ್ಮ ಡಿಸ್ಪ್ಯಾಚ್‌ನಲ್ಲಿ ನಾನು ಕಣ್ಣಾರೆ ನೋಡಿದೆ. "ತಿಂಗಳ ಕೊನೆಗೆ ಇಷ್ಟು ಮಾಲು ಹೋಗಬೇಕು" ಅಂತ ಗುರಿ ಕೊಟ್ಟಾಗ, 29, 30ನೇ ತಾರೀಖು ಕೊನೆಯ ತಪಾಸಣೆ ಮುಗಿಯದ ಪೆಟ್ಟಿಗೆಯೂ ಲಾರಿ ಹತ್ತಿತು. ಮುಂದಿನ ತಿಂಗಳು ಅದೇ ಪೆಟ್ಟಿಗೆ ವಾಪಸ್ ಬಂತು, ಲಾರಿ ಬಾಡಿಗೆ ನಮ್ಮ ತಲೆ ಮೇಲೆ.

ಹಾಗಾಗಿ ಒಂದು ಅಂಕಿಯ ಪಕ್ಕ ಅದನ್ನು ಕಾಯುವ ಇನ್ನೊಂದು ಅಂಕಿ ಇಡಿ. ಡಿಸ್ಪ್ಯಾಚ್ ಜೊತೆ ವಾಪಸಾತಿ. ವೇಗದ ಜೊತೆ ರೀವರ್ಕ್ (ಕೆಟ್ಟ ಪೀಸನ್ನು ಮತ್ತೆ ಸರಿಮಾಡುವುದು). ಮಾರಾಟದ ಜೊತೆ ವಸೂಲಿ. ಅಪಘಾತದ ವಿಷಯದಲ್ಲಿ ಇನ್ನೂ ಹುಷಾರು: "ಅಪಘಾತ ಸೊನ್ನೆ" ಅಂತ ಬೋನಸ್ ಕಟ್ಟಿದರೆ ಬೆರಳು ಕೊಯ್ದುಕೊಂಡವರು ಕಟ್ಟು ಮುಚ್ಚಿಕೊಂಡು ಓಡಾಡುತ್ತಾರೆ. ಅಪಾಯ ಕಂಡು ವರದಿ ಮಾಡಿದ್ದನ್ನು ಎಣಿಸಿ.

6. ಎಷ್ಟು ಗುರಿ, ಯಾವ ತಿಂಗಳಿಗೆ ಎಷ್ಟು

ಒಬ್ಬರಿಗೆ ಮೂರರಿಂದ ಐದು. ಹತ್ತು ಬರೆದರೆ ಒಂದೂ ನೆನಪಿರಲ್ಲ. ತೂಕ ಹಾಕುವುದಾದರೆ ಒಟ್ಟು 100, ಯಾವುದೂ 15ಕ್ಕಿಂತ ಕಮ್ಮಿ ಬೇಡ. 5 ಅಂಕದ ಗುರಿಯನ್ನು ಯಾರೂ ಮುಟ್ಟಿ ನೋಡಲ್ಲ.

ವರ್ಷದ ಅಂಕಿಯನ್ನು 12ರಿಂದ ಭಾಗಿಸಿ ತಿಂಗಳಿಗೆ ಹಂಚುವುದು ಪುಸ್ತಕದ ಬುದ್ಧಿ. ನಮ್ಮ ಹುಡುಗರು ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯವರು. ಜೂನ್‌ನಲ್ಲಿ ಮಳೆ ಬಿದ್ದರೆ ಬಿತ್ತಿಗೆಗೆ ಹೋಗೇ ಹೋಗುತ್ತಾರೆ. ನಾಗರ ಪಂಚಮಿಗೆ ಅಕ್ಕ ತಂಗಿಯರನ್ನು ತವರಿಗೆ ಕರೆತರಬೇಕು. ಗಣಪತಿ ಹಬ್ಬಕ್ಕೆ ಹುಬ್ಬಳ್ಳಿಯೇ ಅರ್ಧ ರಸ್ತೆ ಮೇಲಿರುತ್ತದೆ. ಶಿವರಾತ್ರಿ ಹೊತ್ತಿಗೆ ಸಿದ್ಧಾರೂಢರ ಜಾತ್ರೆ. ಇದನ್ನೆಲ್ಲ 'ಗೈರುಹಾಜರಿ ಸಮಸ್ಯೆ' ಅಂತ ಪ್ರತಿ ವರ್ಷ ಹೊಸದಾಗಿ ಅಚ್ಚರಿಪಡುವ ಬದಲು, ಮಾರ್ಚ್‌ನಲ್ಲೇ ಕ್ಯಾಲೆಂಡರ್ ಮುಂದಿಟ್ಟುಕೊಂಡು ಆ ತಿಂಗಳ ಅಂಕಿ ಇಳಿಸಿ, ಬೇರೆ ತಿಂಗಳಿಗೆ ಸ್ವಲ್ಪ ಏರಿಸಿ.

7. ಕೂತು ಮಾತಾಡುವುದು

ಒಬ್ಬೊಬ್ಬರಿಗೆ ಅರ್ಧ ತಾಸು. ಶಾಪ್‌ಫ್ಲೋರಿನ ಗದ್ದಲದಲ್ಲಿ ಬೇಡ, ಎಲ್ಲರ ಎದುರಿಗೂ ಬೇಡ. ಚಹಾ ಇರಲಿ. ಒಂದು ವಾರ ಮುಂಚೆ ಖಾಲಿ ಹಾಳೆ ಕೊಟ್ಟು "ನಿಮ್ಮ ಕೆಲಸದಾಗ ಈ ವರ್ಷ ಏನು ಸುಧಾರಿಸಬಹುದು, ಏನು ಅಡ್ಡ ಬರ್ತದ, ಬರ್ಕೊಂಡು ಬರ‍್ರಿ" ಅಂತ ಹೇಳಿ. ಬರೆಯಲು ಹಿಂಜರಿಯುವವರು ಬಾಯಲ್ಲಿ ಹೇಳಿದರೂ ಆಯಿತು, ನೀವು ಬರೆದುಕೊಳ್ಳಿ.

ಮೊದಲು ಅವರು ಮಾತಾಡಲಿ. ನೀವು ಮೊದಲು ಅಂಕಿ ಹೇಳಿದರೆ "ಆತ್ರಿ ಸರ" ಅಂತಾರೆ. ನಮ್ಮ ಕಡೆಯ "ಆತ್ರಿ" ಒಪ್ಪಿಗೆ ಅಂತ ತಿಳಿದು ಮೋಸ ಹೋದವರು ಬಹಳ ಜನ. ಅದು ಎಷ್ಟೋ ಸಲ "ಮಾತು ಮುಗಿಸ್ರಿ, ನಾ ಹೋಗ್ತೀನಿ" ಅಂತ ಅಷ್ಟೇ. ಹಾಗಾಗಿ ಕೊನೆಗೆ ಒಂದು ಪ್ರಶ್ನೆ ಕೇಳಿ: "ಇದು ಯಾವ ಕಾರಣಕ್ಕ ಆಗ್ಲಿಕ್ಕಿಲ್ಲ ಅನ್ನಿಸ್ತದ?" ಆಗ ಬರುತ್ತದೆ ನಿಜ. ಆ ಉತ್ತರವೇ 'ಕಂಪನಿ ಕೊಡಬೇಕಾದದ್ದು' ಕಾಲಂ ತುಂಬುತ್ತದೆ.

ವಯಸ್ಸಿನಲ್ಲಿ ಹಿರಿಯರಾದ ಕೆಲಸಗಾರರಿಗೆ ನಿನ್ನೆ ಬಂದ ಮ್ಯಾನೇಜರ್ ಗುರಿ ಓದಿ ಹೇಳುವುದು ಕಷ್ಟದ ಕೆಲಸ. ಕಾಕಾ, ಅಣ್ಣಾರ ಅಂತ ಕರೆಯುತ್ತಿದ್ದರೆ ಆ ಹಾಳೆಯ ಎದುರಿಗೂ ಹಾಗೇ ಕರೆಯಿರಿ. "ಇಪ್ಪತ್ತು ವರ್ಷದಿಂದ ಮಾಡಾಕತ್ತೀನಿ, ನಂಗೇನ್ ಹೇಳ್ತೀ" ಅಂತ ಅವರು ಅಂದರೆ, ಅಳತೆ ಹೇಗಿರಬೇಕು ಅಂತ ಅವರಿಂದಲೇ ಹೇಳಿಸಿ. ಅವರು ಹೇಳುವ ಅಂಕಿ ನಿಮ್ಮದಕ್ಕಿಂತ ಬಿಗಿಯಾಗಿರುವುದೂ ಉಂಟು.

8. ಹಾಳೆ

ಒಂದೇ ಪುಟ. ಓದುವವರಿಗೆ ಬರುವ ಭಾಷೆಯಲ್ಲಿ. ಸುಮ್ನೆ ಇಂಗ್ಲಿಷ್ ನಮೂನೆ ಡೌನ್‌ಲೋಡ್ ಮಾಡಿ ಸಹಿ ಹಾಕಿಸಿಕೊಳ್ಳಬೇಡಿ. ಓದಲಾಗದ ಕಾಗದದ ಮೇಲಿನ ಸಹಿಗೆ ಬೆಲೆ ಇಲ್ಲ. ಸ್ಟೋರಿನ ಒಂದು ಮಾದರಿ ಕೊಡುತ್ತೇನೆ.

ಹುದ್ದೆ: ಸ್ಟೋರ್ ಕೀಪರ್
ಅವಧಿ: ಏಪ್ರಿಲ್ 1ರಿಂದ ಮಾರ್ಚ್ 31
ಆವೃತ್ತಿ: 1
ಗುರಿ 1: ವಾರಕ್ಕೆ 50 ಐಟಂ ಎಣಿಸಿ, ಟ್ಯಾಲಿಗೂ ರ‍್ಯಾಕಿಗೂ ಫರಕು ಇರುವ ಐಟಂ 50ಕ್ಕೆ 12ರಿಂದ 4ಕ್ಕೆ ಇಳಿಸುವುದು
ಯಾವಾಗಿನೊಳಗೆ: ಡಿಸೆಂಬರ್ 31
ಎಲ್ಲಿ ನೋಡುವುದು: ವಾರದ ಎಣಿಕೆ ಪುಸ್ತಕ, ಅಕೌಂಟ್ಸ್‌ನವರ ಸಹಿಯೊಂದಿಗೆ
ತೂಕ: 40
ಕಾವಲು: ಎಣಿಸಿದ ಐಟಂಗಳಲ್ಲಿ ತಿಂಗಳಿಗೆ 10 ಐಟಂ ಬೇರೆಯವರು ಮತ್ತೆ ಎಣಿಸುತ್ತಾರೆ
ಕಂಪನಿ ಕೊಡಬೇಕಾದದ್ದು: ರಾತ್ರಿ ಶಿಫ್ಟ್‌ನಲ್ಲಿ ಸ್ಟೋರಿಗೆ ಬೀಗ, ಚೀಟಿ ಇಲ್ಲದೆ ಯಾರೂ ಮಾಲು ಒಯ್ಯದ ನಿಯಮ, ಏಪ್ರಿಲ್ 30ರೊಳಗೆ
ನೌಕರರ ಮಾತು: (ಅವರ ಕೈಬರಹದಲ್ಲೇ)
ಸಹಿ, ತಾರೀಖು: ಇಬ್ಬರದೂ

'ಕಂಪನಿ ಕೊಡಬೇಕಾದದ್ದು' ಸಾಲು ನೋಡಿ. ರಾತ್ರಿ ಶಿಫ್ಟ್‌ನವರು ಬಂದು ಬೇಕಾದ್ದು ತೆಗೆದುಕೊಂಡು ಹೋಗುತ್ತಿದ್ದರು, ಬೆಳಗ್ಗೆ ಬೈಗುಳ ಸ್ಟೋರಿನವರಿಗೆ. ಎಷ್ಟೋ ವರ್ಷದ ಈ ಮಾತು ಹಾಳೆಯ ಮೇಲೆ ಬಂದದ್ದು ಮೊದಲ ಸಲ. ಬೀಗದ ಖರ್ಚು ಎಷ್ಟಪ್ಪಾ ಅಂದರೆ, ಗಿರಮಿಟ್ ಪಾರ್ಟಿಗಿಂತ ಕಮ್ಮಿ.

ಎರಡು ಪ್ರತಿ ಮಾಡಿ, ಒಂದು ಅವರ ಕೈಗೆ ಕೊಡಿ. "ಫೈಲಿನಲ್ಲಿದೆ, ಬೇಕಾದಾಗ ನೋಡು" ಅಂದರೆ ಯಾರೂ ಕೇಳಲು ಬರಲ್ಲ.

9. ತಿಂಗಳಿಗೊಂದು ಟಿಪ್ಪಣಿ

ವರ್ಷದ ಕೊನೆಗೆ ಎಲ್ಲರಿಗೂ ಕೊನೆಯ ಎರಡು ತಿಂಗಳು ಮಾತ್ರ ನೆನಪಿರುತ್ತವೆ. ಇದಕ್ಕೆ ಮದ್ದು ಒಂದೇ. ತಿಂಗಳಿಗೆ ಹತ್ತು ನಿಮಿಷ ಮಾತಾಡಿ, ನಾಲ್ಕು ಸಾಲು ಬರೆಯುವುದು: ಅಂಕಿ ಎಷ್ಟಾಯಿತು, ಏನು ಚೆನ್ನಾಯಿತು, ಏನು ಅಡ್ಡ ಬಂತು, ಮುಂದಿನ ತಿಂಗಳು ಯಾರು ಏನು ಮಾಡುತ್ತಾರೆ. ಅಂಕಿ ಮಾತ್ರ ತಿಂಗಳ ಕೊನೆಯವರೆಗೆ ಕಾಯಬಾರದು. ಮಷೀನಿನ ಪಕ್ಕದ ಬೋರ್ಡಿನಲ್ಲಿ ಅವರೇ ದಿನಾ ಬರೆದುಕೊಳ್ಳಲಿ. ತಮ್ಮ ಲೆಕ್ಕ ತಮಗೆ ಮೊದಲು ಗೊತ್ತಾಗಬೇಕು, ಸಾಹೇಬರಿಂದ ಅಲ್ಲ.

ಟಿಪ್ಪಣಿ ಬರೆಯುವಾಗ ಕಂಡದ್ದನ್ನು ಬರೆಯಿರಿ, ಅನ್ನಿಸಿದ್ದನ್ನಲ್ಲ. "ಬೇಜವಾಬ್ದಾರಿ ಮನುಷ್ಯ" ಅನ್ನುವುದು ಅನ್ನಿಸಿದ್ದು. "ಜುಲೈ 9, ಮೊದಲ ಪೀಸ್ ತಪಾಸಣೆಗೆ ಕೊಡದೆ 35 ಪೀಸ್ ಓಡಿಸಿದರು, 35ರಲ್ಲಿ ಒಳವ್ಯಾಸ ದೊಡ್ಡದಾಗಿ 22 ರಿಜೆಕ್ಟ್. ಕೇಳಿದಾಗ ಇನ್‌ಸ್ಪೆಕ್ಟರ್ ಊಟಕ್ಕೆ ಹೋಗಿದ್ದರು ಅಂದರು" ಅನ್ನುವುದು ಕಂಡದ್ದು. ಅವರ ಉತ್ತರವನ್ನೂ ಬರೆದದ್ದು ಗಮನಿಸಿ. ಆ ಉತ್ತರದಿಂದಲೇ ನಮಗೆ ಊಟದ ಹೊತ್ತಿಗೆ ಇನ್ನೊಬ್ಬ ಇನ್‌ಸ್ಪೆಕ್ಟರ್ ಬೇಕು ಅಂತ ಗೊತ್ತಾಯಿತು.

ಇದರ ಬೆಲೆ ನನಗೆ ಗೊತ್ತಾಗಿದ್ದು ನನ್ನ ಮೈಮೇಲೆ ಬಂದಾಗ. ಹಿಂದೆ ಒಂದು ಕಡೆ ಕೆಲಸ ಮಾಡುವಾಗ, "ನಿಮ್ಮ ಆ್ಯಟಿಟ್ಯೂಡ್ ಸರಿ ಇಲ್ಲ" ಅಂತ ಒಂದೇ ಸಾಲಿನಲ್ಲಿ ನನ್ನ ಇನ್ಕ್ರಿಮೆಂಟ್ ಮುಗಿಸಿದ್ದರು. ಯಾವತ್ತು, ಯಾವ ಮಾತಿಗೆ ಅಂತ ಕೇಳಿದೆ. ಹೇಳಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಒಳ್ಳೆಯದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಬರೆಯಿರಿ. ತಪ್ಪು ಮಾತ್ರ ಬರೆಯುವ ಪುಸ್ತಕ ಪೊಲೀಸ್ ಡೈರಿ ಆಗುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಹಾಕಿ ಅಂಕಿ ಹಾಕುವುದು, ಬೈಯುವುದು ಬೇಡವೇ ಬೇಡ. ಫೋನ್ ಬದಲಾದರೆ ದಾಖಲೆ ಹೋಯಿತು, ಮರ್ಯಾದೆ ಅವತ್ತೇ ಹೋಗಿರುತ್ತದೆ.

10. ನಡುವೆ ಲೆಕ್ಕ ತಪ್ಪಿದರೆ

ದೊಡ್ಡ ಆರ್ಡರ್ ರದ್ದಾಗಬಹುದು. ಮಷೀನಿನ ಸ್ಪಿಂಡಲ್ ಕೆಟ್ಟು ತಿಂಗಳು ನಿಲ್ಲಬಹುದು. ಆಗ ಗುರಿ ಬದಲಿಸಿ, ಆದರೆ ಹಳೆಯದನ್ನು ಅಳಿಸಬೇಡಿ. ಆವೃತ್ತಿ 2 ಅಂತ ಹೊಸ ಹಾಳೆ, ಕಾರಣ ಒಂದು ಸಾಲು, ತಾರೀಖು, ಮತ್ತೆ ಇಬ್ಬರ ಸಹಿ. ಹಳೆಯದನ್ನು ಹಿಂದೆ ಪಿನ್ ಮಾಡಿ. ಬರೀ ಅಂಕಿ ಮುಟ್ಟುತ್ತಿಲ್ಲ ಅಂತ ಇಳಿಸುವುದಾಗಲಿ, ಬೇಗ ಮುಟ್ಟಿದರು ಅಂತ ಏರಿಸುವುದಾಗಲಿ ಬೇಡ. ಎರಡನೆಯದು ಒಮ್ಮೆ ಮಾಡಿ ನೋಡಿ, ಮುಂದಿನ ವರ್ಷದಿಂದ ಯಾರೂ ಬೇಗ ಮುಟ್ಟಲ್ಲ.

ದೀರ್ಘ ರಜೆಯ ಮೇಲಿದ್ದವರಿಗೆ ಕೆಲಸ ಮಾಡಿದ ತಿಂಗಳ ಮೇಲೆ ಮಾತ್ರ ಲೆಕ್ಕ. ಹೆರಿಗೆ ರಜೆ ಕಾನೂನಿನ ಹಕ್ಕು, ಮೊದಲ ಎರಡು ಮಕ್ಕಳಿಗೆ 26 ವಾರ. ಆ ಅವಧಿಯನ್ನು 'ಗುರಿ ಮುಟ್ಟಿಲ್ಲ' ಅಂತ ಎಣಿಸುವುದು ತಪ್ಪು ಮಾತ್ರ ಅಲ್ಲ, ಕೋರ್ಟಿನ ದಾರಿಯೂ ಹೌದು.

11. ವರ್ಷದ ಕೊನೆ

ಹನ್ನೆರಡು ಟಿಪ್ಪಣಿ ಇದ್ದರೆ ಈ ಮೀಟಿಂಗ್ ಬೇಗ ಮುಗಿಯುತ್ತದೆ. ಮೊದಲು ಅವರೇ ತಮಗೆ ಅಂಕ ಹಾಕಿಕೊಳ್ಳಲಿ, ಆಮೇಲೆ ನೀವು. ಫರಕು ಬಂದ ಕಡೆ ಮಾತ್ರ ಮಾತಾಡಿ. ಕಂಪನಿ ಕೊಡಬೇಕಾದದ್ದು ಕೊಟ್ಟಿತಾ ಅಂತಲೂ ಹಾಳೆಯಲ್ಲೇ ಗುರುತು ಹಾಕಿ. ಒಪ್ಪಿಗೆ ಆಗದಿದ್ದರೆ ಒತ್ತಾಯ ಬೇಡ. "ಓದಿದ್ದೇನೆ, ಒಪ್ಪಿಲ್ಲ, ಕಾರಣ ಇದು" ಅಂತ ಬರೆದು ಸಹಿ ಹಾಕಲು ಜಾಗ ಇಡಿ.

ಒಂದು ಎಚ್ಚರ. ಇನ್ಕ್ರಿಮೆಂಟ್, ಪ್ರೋತ್ಸಾಹಧನ ಗುರಿಗೆ ಕಟ್ಟಬಹುದು. ಆದರೆ ಬೋನಸ್ ಕಾನೂನಿನ ಕೆಳಗೆ ಬರುವ ಘಟಕಗಳಲ್ಲಿ ಅರ್ಹರಿಗೆ ಕೊಡಲೇಬೇಕಾದ ಕನಿಷ್ಠ 8.33% ಬೋನಸ್‌ಗೆ ಗುರಿಯ ಷರತ್ತು ಹಾಕುವಂತಿಲ್ಲ. ಕನಿಷ್ಠ ವೇತನಕ್ಕೂ ಅಷ್ಟೇ.

12. ಗುರಿ ಮುಟ್ಟದವರ ವಿಷಯ

ಎರಡು ತಿಂಗಳು ಸತತ ಹಿಂದೆ ಬಿದ್ದರೆ ಮಾರ್ಚ್‌ವರೆಗೆ ಕಾಯಬೇಡಿ. ಕೂತು ಕಾರಣ ಹುಡುಕಿ. ಗೊತ್ತಿಲ್ಲವಾ, ಸಾಮಾನಿಲ್ಲವಾ, ಮನಸ್ಸಿಲ್ಲವಾ? ಮೊದಲನೆಯದಕ್ಕೆ ತರಬೇತಿ, ಎರಡನೆಯದಕ್ಕೆ ನಿಮ್ಮದೇ ತಪ್ಪು, ಮೂರನೆಯದಕ್ಕೆ ಮನೆಯಲ್ಲಿ ಏನಾಗಿದೆ ಅಂತ ಮೊದಲು ಕೇಳಿ. ಆಮೇಲೆ 60 ಅಥವಾ 90 ದಿನದ ಸುಧಾರಣೆಯ ಹಾಳೆ: ಏನು ಸಾಲದು, ಎಲ್ಲಿಗೆ ಬರಬೇಕು, ಯಾರು ಕಲಿಸುತ್ತಾರೆ, ಯಾವ ಯಾವ ತಾರೀಖು ನೋಡುತ್ತೇವೆ. ತೆಗೆಯಬೇಕು ಅಂತ ಮೊದಲೇ ತೀರ್ಮಾನಿಸಿ ಈ ಹಾಳೆ ಬರೆಯುವವರಿದ್ದಾರೆ. ಅದು ಎಲ್ಲರಿಗೂ ಗೊತ್ತಾಗುತ್ತದೆ, ಕೆಲಸ ಹೋದವನಿಗಿಂತ ಉಳಿದವರಿಗೆ ಜಾಸ್ತಿ.

ಕೆಲಸ ಸಾಲದಿರುವುದು ಬೇರೆ, ದುರ್ನಡತೆ ಬೇರೆ. ಕಳ್ಳತನ, ಹೊಡೆದಾಟದಂಥದ್ದಕ್ಕೆ ಆರೋಪಪತ್ರ ಕೊಟ್ಟು, ಉತ್ತರ ಕೇಳಿ, ವಿಚಾರಣೆ ನಡೆಸಬೇಕು. ಅದನ್ನು ಗುರಿಯ ಹಾಳೆಗೆ ಬೆರೆಸಬೇಡಿ. ಕೆಲಸದಿಂದ ತೆಗೆಯುವ ಮಾತು ಬಂದ ದಿನವೇ ಕಾರ್ಮಿಕ ಕಾನೂನು ತಿಳಿದ ವಕೀಲರ ಹತ್ತಿರ ಹೋಗಿ, ತೆಗೆದ ಮೇಲೆ ಅಲ್ಲ.

13. ಎಲ್ಲಿಡಬೇಕು

ಒಬ್ಬರಿಗೊಂದು ಫೈಲ್. ಮೇಲೆ ಈ ವರ್ಷದ ಹಾಳೆ, ಕೆಳಗೆ ತಿಂಗಳ ಟಿಪ್ಪಣಿ, ಅದರ ಕೆಳಗೆ ಹೋದ ವರ್ಷದ್ದು. ಸ್ಕ್ಯಾನ್ ಮಾಡಿ ಪಾಸ್‌ವರ್ಡ್ ಇರುವ ಫೋಲ್ಡರಿನಲ್ಲಿ ಇನ್ನೊಂದು ಪ್ರತಿ. ಕಪಾಟಿನ ಕೀಲಿ ಇಬ್ಬರ ಹತ್ತಿರ ಮಾತ್ರ. ಆದರೆ ತನ್ನ ಫೈಲನ್ನು ನೋಡಲು ಯಾರು ಬಂದರೂ ಇಲ್ಲ ಅನ್ನಬೇಡಿ.

ಹೋದ ಮಾರ್ಚ್‌ನಲ್ಲಿ ನಮ್ಮ ಸ್ಟೋರಿನ ಅಣ್ಣಾರು ಮೀಟಿಂಗಿಗೆ ಬಂದಾಗ ತಮ್ಮ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಬಂದಿದ್ದರು. ಕೂಡುವ ಮುಂಚೆಯೇ ಬಿಚ್ಚಿ ಮೇಜಿನ ಮೇಲೆ ಹಾಸಿ, 'ಕಂಪನಿ ಕೊಡಬೇಕಾದದ್ದು' ಸಾಲಿನ ಮೇಲೆ ಬೆರಳಿಟ್ಟು, "ಬೀಗ ಜೂನ್‌ನಾಗ ಬಂತ್ರಿ. ಏಪ್ರಿಲ್ ಅಂತ ಬರದೀರಿ" ಅಂದರು.